ಗ್ರೀಸ್ ಕುಡಿಯುವ ಜಾಯಿಂಟು

ಮೈಸೂರಿನ ಆಸ್ಪತ್ರೆಯಿಂದ ಹೊರಟ ಮೇಲೆ ನಾವಿಬ್ಬರೂ ಒಂದು ಮಾತೂ ಆಡಿರಲಿಲ್ಲ. ಪಿಕಪ್ಪನ್ನು ನಮ್ಮ ಯಜಮಾನರೇ ಓಡಿಸುತ್ತಿದ್ದರು. ಅವರ ಎಡಗೈ ಆಗಲೇ ಹಿಡಿತ ಕಳೆದುಕೊಂಡಿತ್ತು. ಗೇರು ಬದಲಿಸಬೇಕಾದಾಗ ಬೆರಳು ಮಡಚದೆ ಅಂಗೈಯ ಬುಡದಿಂದ ಕಡ್ಡಿಯನ್ನು ತಳ್ಳುತ್ತಿದ್ದರು. ನಾನು ಓಡಿಸಲಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹುಣಸೂರು ಹೋಯಿತು, ಪಿರಿಯಾಪಟ್ಟಣ ಹೋಯಿತು, ಬೈಲುಕುಪ್ಪೆಯೂ ಹೋಯಿತು. ಹೊಳೆಯ ಸೇತುವೆ ದಾಟಿ ಕುಶಾಲನಗರದ ಮೊದಲ ಹಂಪನ್ನು ಹತ್ತಿ ಇಳಿಯುವಾಗ ನನ್ನ ಕಾಲಡಿಯಲ್ಲಿ, ಎಡಗಡೆಯ ಮುಂದಿನ ಚಕ್ರದಿಂದ, ಕಲ್ಲಿಗೆ ಕಲ್ಲು ತಾಗಿದಂಥ ಸದ್ದು ಬಂತು.

“ಬಾಲ್ ಜಾಯಿಂಟ್ ಹೋಗೈತೆ,” ಅಂದರು.

ಡಾಕ್ಟರ ಕೋಣೆಯಿಂದ ಹೊರಬಂದ ಮೇಲೆ ಅವರು ಆಡಿದ ಮೊದಲ ಮಾತು ಅದು. ನನಗೆ ಮೈಯೆಲ್ಲ ಉರಿಯಿತು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಒಣಗುತ್ತಿವೆ, ಇದನ್ನು ಹಿಂದಕ್ಕೆ ತರುವ ಔಷಧಿ ಇಲ್ಲ, ಈಗ ಕೈ, ಆಮೇಲೆ ಕಾಲು, ನಾಲಿಗೆ, ಕೊನೆಗೆ ಉಸಿರು ಎಂದು ಆ ಡಾಕ್ಟರು ಮೆಲ್ಲಗೆ, ಒಂದೂ ಮಾತು ಮುಚ್ಚಿಡದೆ ಹೇಳಿದ್ದರು. ಸ್ಪರ್ಶ ಮಾತ್ರ ಹೋಗುವುದಿಲ್ಲ, ಕೈ ಎತ್ತಲಾಗದಿದ್ದರೂ ಯಾರಾದರೂ ಮುಟ್ಟಿದರೆ ತಿಳಿಯುತ್ತದೆ ಎಂದೂ ಹೇಳಿದ್ದರು. ಅದನ್ನು ಸಮಾಧಾನಕ್ಕೆ ಹೇಳಿದರೋ ಎಚ್ಚರಿಕೆಗೆ ಹೇಳಿದರೋ ನನಗೆ ಗೊತ್ತಾಗಲಿಲ್ಲ. ಇಷ್ಟೆಲ್ಲ ಕೇಳಿಸಿಕೊಂಡು ಬಂದ ಮನುಷ್ಯ ಗಾಡಿಯ ಚಕ್ರದ ಸುದ್ದಿ ತೆಗೆಯುತ್ತಾರಲ್ಲ!

ಯಜಮಾನರ ಮನೆಯವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಪಕ್ಕದಲ್ಲಿ ನೆಲೆ ನಿಂತ ಒಕ್ಕಲುಮಕ್ಕಳು. ಅಣ್ಣತಮ್ಮಂದಿರೆಲ್ಲ ಜೋಳ, ಶುಂಠಿ ಅಂತ ಮಣ್ಣಿನಲ್ಲಿ ಉಳಿದರು. ಇವರಿಗೆ ಮಾತ್ರ ಗಾಡಿಯ ಹುಚ್ಚು. ಮದುವೆಯಾದ ಹೊಸತರಲ್ಲೇ ನಾಲ್ಕೂ ಚಕ್ರ ಎಳೆಯುವ ಆ ದೊಡ್ಡ ಪಿಕಪ್ಪನ್ನು ತಂದು ಚೆಟ್ಟಳ್ಳಿಯ ಎಸ್ಟೇಟುಗಳಿಂದ ಕಾಫಿ ಮೂಟೆ ಸಾಗಿಸಲು ಶುರುಮಾಡಿದರು. ಲಾರಿ ಇಳಿಯಲಾಗದ ತೋಟದ ಒಳದಾರಿಗಳಿಗೆ ಇವರ ಗಾಡಿ ಬೇಕೇ ಬೇಕಿತ್ತು. ಆ ದಾರಿಗಳೇ ಬಾಲ್ ಜಾಯಿಂಟುಗಳನ್ನು ತಿಂದುಹಾಕುತ್ತಿದ್ದವು. ನಮ್ಮ ತೊಡೆಯ ಮೂಳೆ ಸೊಂಟದಲ್ಲಿ ಗುಂಡಾಗಿ ಕೂತಿರುತ್ತದಲ್ಲ, ಮುಂದಿನ ಚಕ್ರವೂ ಹಾಗೇ ಮೇಲೊಂದು ಕೆಳಗೊಂದು ಕೀಲಿನ ಮೇಲೆ ಆಡುತ್ತದೆ. ಕಂಪನಿಯಿಂದ ಬರುವ ಕೀಲುಗಳು ಮುಚ್ಚಿದ ಡಬ್ಬಿಯ ಹಾಗೆ. ಒಳಗಿನ ಗ್ರೀಸ್ ಒಣಗಿದರೆ ಮತ್ತೆ ತುಂಬಲು ದಾರಿಯಿಲ್ಲ. ತೋಟದ ಕೆಸರುನೀರಿನಲ್ಲಿ ಅವು ಒಂದು ಮಳೆಗಾಲ ಕಳೆದರೆ ಹೆಚ್ಚು. ಹೊರಗಿನ ಕಂಪನಿಯವರು ಮಾಡುವ ಬೇರೆ ಥರದ ಜಾಯಿಂಟ್ ಸಿಗುತ್ತದೆ, ಅದರಲ್ಲಿ ಗ್ರೀಸ್ ಹಾಕಲು ಪುಟ್ಟ ನಿಪ್ಪಲ್ ಇರುತ್ತದೆ, ಅದನ್ನು ತರಿಸಬೇಕು ಎಂದು ಅವರು ವರ್ಷಗಳಿಂದ ಹೇಳುತ್ತಿದ್ದರು. “ಗ್ರೀಸ್ ಕುಡಿಯೋ ಜಾಯಿಂಟು” ಎನ್ನುವುದು ಅವರ ಮಾತು. ಆಸ್ಪತ್ರೆಯಿಂದ ಬಂದ ಮರುದಿನವೇ ಮಂಗಳೂರಿಗೆ ಫೋನು ಮಾಡಿ ತರಿಸಿದರು. ಸಂಪಾಜೆ ಘಾಟಿ ಹತ್ತಿ ಬಂದ ಬಸ್ಸಿನಲ್ಲಿ ಪಾರ್ಸೆಲ್ ಬಂತು. ಮಡಿಕೇರಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ನಮ್ಮ ಮಗಳು ಬಸ್‌ಸ್ಟ್ಯಾಂಡಿನಿಂದ ಅದನ್ನು ಬಿಡಿಸಿಕೊಂಡು ಶನಿವಾರ ಮನೆಗೆ ತಂದಳು. ಅಪ್ಪನಿಗೆ ಏನಾಗಿದೆ ಎನ್ನುವುದನ್ನು ಅವಳಿಗೆ ಇನ್ನೂ ಪೂರ್ತಿ ಹೇಳಿರಲಿಲ್ಲ. “ಇಷ್ಟು ಭಾರದ್ದು ಏನಪ್ಪಾ ಇದು?” ಎಂದು ನಕ್ಕು ಕೊಟ್ಟು ಭಾನುವಾರ ಸಂಜೆ ವಾಪಸು ಹೋದಳು.

ಕುಶಾಲನಗರದಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಮಲಯಾಳಿ ಗೆಳೆಯರೊಬ್ಬರು ಇದ್ದರು. ಕೆಳಗಿನ ಜಾಯಿಂಟನ್ನು ಒತ್ತಿ ಕೂರಿಸಲು ಬೇಕಾಗುವ ಕುದುರೆಲಾಳದ ಆಕಾರದ ಪ್ರೆಸ್ಸನ್ನು ಅವರೇ ತಂದುಕೊಟ್ಟರು. ಕೊಟ್ಟವರು ಹೋಗದೆ ಅಂಗಳದಲ್ಲೇ ನಿಂತರು. ನನ್ನನ್ನು ಪಕ್ಕಕ್ಕೆ ಕರೆದು, “ಚೇಚಿ, ಗಾಡಿ ನನ್ನ ಹತ್ರ ಬಿಡ್ಲಿಕ್ಕೆ ಹೇಳಿ. ಅರ್ಧ ದಿನದ ಕೆಲಸ ಅದು. ಅವರ ಕೈಯಲ್ಲಿ ಆಗೋದಿಲ್ಲ,” ಅಂದರು. ಯಜಮಾನರಿಗೆ ಅದು ಕೇಳಿಸಿತು.

“ಕೈ ಹೋದ್ರೆ ಏನಾಯ್ತು, ಬಾಯಿ ಇನ್ನೂ ಐತಲ್ಲ. ನೀನು ಹೋಗಪ್ಪ, ನಾನೂ ಇವಳೂ ಮಾಡ್ಕತೀವಿ.”

ನಾನೂ ಇವಳೂ ಅಂದದ್ದು ನನಗೆ ಆಗ ತಮಾಷೆಯ ಹಾಗೆ ಕೇಳಿಸಿತು.

ಮಾರನೆಯ ಬೆಳಿಗ್ಗೆ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಎತ್ತಿ, ಕೆಳಗೆ ಸ್ಟ್ಯಾಂಡ್ ನಿಲ್ಲಿಸಿ ಎಡಗಡೆಯ ಚಕ್ರ ಬಿಚ್ಚಿದೆವು. ನಾನೇ ಬಿಚ್ಚಿದೆ. ಅಪ್ಪನ ಮನೆಯಲ್ಲಿ ಹೊಗೆಸೊಪ್ಪಿನ ಹೊಲಕ್ಕೆ ಟ್ರ್ಯಾಕ್ಟರ್ ಓಡಿಸಿದವಳು ನಾನು, ಸ್ಪ್ಯಾನರು ನನಗೆ ಹೊಸದಲ್ಲ. ಆದರೆ ಜಾಯಿಂಟಿನ ನಟ್ಟು ಕಳಚಿಹೋಗದಂತೆ ಅಡ್ಡ ಹಾಕಿರುವ ಸ್ಪ್ಲಿಟ್ ಪಿನ್ನನ್ನು ಮಾತ್ರ ನಾನೇ ತೆಗೆಯುತ್ತೇನೆ ಎಂದು ಅವರು ಹಠ ಹಿಡಿದರು. ಇಕ್ಕಳ ಹಿಡಿದರು, ಅದು ಕೈಯಿಂದ ಜಾರಿ ಬಿತ್ತು. ನಾನು ಎತ್ತಿ ಕೊಟ್ಟೆ. ಮತ್ತೆ ಬಿತ್ತು. ಎರಡೂ ಕೈ ಸೇರಿಸಿ ಹಿಡಿದರು. ಪಿನ್ನಿನ ಬಾಯಿ ಹಿಡಿದಂತಾಯಿತು, ಎಳೆಯುವಷ್ಟರಲ್ಲಿ ಇಕ್ಕಳ ಮತ್ತೆ ಬಿದ್ದು ಕಲ್ಲಿನ ಮೇಲೆ ಠಣ್ ಎಂದಿತು. ಅವರ ಮುಖ ನೋಡಲಾಗಲಿಲ್ಲ ನನಗೆ.

“ಇದು ಯಾಕೆ ಬೇಕು ನಮಗೆ? ಗಾಡಿ ಮಾರಿಬಿಡಣ ರೀ,” ಅಂದೆ.

“ಮಾರುದ್ರೆ ನೀನು ಏನು ಓಡಿಸ್ತೀಯ?”

“ನಾನಾ?”

“ಇನ್ಯಾರು ಮತ್ತೆ? ಈ ಸಲದ ಕಾಫಿ ಪಿಕ್ಕಿಂಗಿಗೆ ನಾನು ಪಕ್ಕದಲ್ಲಿ ಕೂತಿರ್ತೀನಿ. ಮುಂದಿನ ಸಲಕ್ಕೆ ನೀನೊಬ್ಬಳೇ. ಚೆಟ್ಟಳ್ಳಿ ಇಳಿಜಾರಲ್ಲಿ ಲೋಡ್ ಇಟ್ಕಂಡು ಬರಬೇಕಾದ್ರೆ ಈ ಜಾಯಿಂಟು ಮುರುದ್ರೆ ಚಕ್ರ ಹಿಂಗೆ ಮಗುಚಿಕೊಳ್ತದೆ ಕಣೇ. ಬದುಕ್ತೀಯಾ ನೀನು?”

ಇಡೀ ಲೆಕ್ಕಾಚಾರ ಅವರ ತಲೆಯಲ್ಲಿ ಮುಗಿದುಹೋಗಿತ್ತು. ಕುಶಾಲನಗರದ ಹಂಪಿನ ಮೇಲೆ ಆ ಮಾತು ಆಡಿದಾಗಲೇ ಮುಗಿದಿತ್ತೇನೋ. ತಾವಿಲ್ಲದ ರಸ್ತೆಯಲ್ಲಿ ನಾನು ಒಬ್ಬಳೇ ಗಾಡಿ ಓಡಿಸಿಕೊಂಡು ಬರುವುದನ್ನು ಅವರು ಆಗಲೇ ಕಂಡಿದ್ದರು. ನಾನು ಕೈಯಲ್ಲಿದ್ದ ಸ್ಪ್ಯಾನರನ್ನು ಹೂವಿನ ಗಿಡಗಳ ಕಡೆಗೆ ಎಸೆದು ಮನೆಯೊಳಗೆ ಹೋದೆ. ಬಚ್ಚಲು ಮನೆಯ ಬಾಗಿಲು ಹಾಕಿಕೊಂಡು, ಹಂಡೆಗೆ ನೀರು ಬಿಟ್ಟು, ಆ ಸದ್ದಿನಲ್ಲಿ ಅತ್ತೆ. ಆಸ್ಪತ್ರೆಯಲ್ಲಿ ಬಾರದ ಅಳು ಅಲ್ಲಿ ಬಂತು. ಹಂಡೆ ತುಂಬಿ ಹರಿದು ಒಲೆಯ ಬೂದಿಗೆ ನೀರು ನುಗ್ಗಿದ ಮೇಲೆ ನಲ್ಲಿ ನಿಲ್ಲಿಸಿದೆ.

ಹೊರಗೆ ಬಂದಾಗ ಅವರು ಕೂತಿದ್ದ ಸ್ಟೂಲು ಖಾಲಿಯಿತ್ತು. ಕರೆದೆ. ಬಗ್ಗಿ ನೋಡಿದರೆ ಗಾಡಿಯ ಕೆಳಗೆ ಗೋಣಿಚೀಲದ ಮೇಲೆ ಅಂಗಾತ ಮಲಗಿದ್ದರು. ಕಣ್ಣು ಬಿಟ್ಟುಕೊಂಡು ಮೇಲಿನ ಛಾಸಿಯನ್ನೇ ನೋಡುತ್ತಿದ್ದರು.

“ಯಾಕೆ ಕೂಗಲಿಲ್ಲ?”

“ಒಳಗೆ ಅಳ್ತಿದ್ದೆಯಲ್ಲ. ಮುಗೀಲಿ ಅಂತ ಸುಮ್ಕಿದ್ದೆ.” ಗದ್ದವನ್ನು ಕೀಲಿನ ಕಡೆಗೆ ಎತ್ತಿದರು. “ಕೆಳಗಿಂದ ಪಿನ್ನು ಸಿಗ್ತದೇನೋ ಅಂತ ನುಗ್ಗಿದೆ. ಎದ್ದೇಳಕ್ಕೆ ಆಗ್ಲಿಲ್ಲ ಕಣೇ.”

ನಾನು ಅವರನ್ನು ಎಳೆದು ಎಬ್ಬಿಸಲಿಲ್ಲ. ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ ಪಕ್ಕದಲ್ಲಿ ಮಣ್ಣಿನ ಮೇಲೆಯೇ ಮಲಗಿದೆ. ಗಾಡಿಯ ಹೊಟ್ಟೆಯನ್ನು ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ತೋಟದ ಕೆಂಪುಮಣ್ಣು ಪದರ ಪದರವಾಗಿ ಒಣಗಿ ಕಚ್ಚಿತ್ತು. ಒಂದು ಸಂದಿನಲ್ಲಿ ಕಾಫಿಯ ಒಣ ಎಲೆ ಸಿಕ್ಕಿಕೊಂಡಿತ್ತು. ಅವರು ಗದ್ದದಿಂದ ತೋರಿಸುತ್ತ ಒಂದೊಂದನ್ನೂ ಹೇಳಿದರು. ಇದು ಮೇಲಿನ ತೋಳು, ಇದು ಕೆಳಗಿನದು, ಇದು ಸ್ಟೇರಿಂಗಿನ ರಾಡು, ಇದನ್ನು ಮುಟ್ಟಬೇಡ. ಹೇಳುವಾಗ ದನಿಯಲ್ಲಿ ಮೊದಲಿನ ಹುರುಪೇ ಇತ್ತು. ಆಮೇಲೆ ನಾನು ಅವರ ಕಂಕುಳಿಗೆ ಕೈಹಾಕಿ ಹೊರಗೆಳೆದು, ಸ್ಟೂಲಿನ ಮೇಲೆ ಕೂರಿಸಿ, ಹೂವಿನ ಗಿಡಗಳ ನಡುವೆ ಸ್ಪ್ಯಾನರು ಹುಡುಕಿ ತಂದೆ. ಕೆಲಸ ಶುರುವಾಯಿತು.

ಪಿನ್ನು ತೆಗೆದೆ. ಬ್ರೇಕನ್ನು ಬಿಚ್ಚಿ, ಅದರ ಪೈಪಿಗೆ ಭಾರ ಬೀಳದಂತೆ ತಂತಿಯಲ್ಲಿ ಕಟ್ಟಿ ತೂಗುಹಾಕಿದೆ. ನಟ್ಟನ್ನು ಸಡಿಲಿಸಿದೆ, ಪೂರ್ತಿ ತೆಗೆಯದೆ ಎರಡು ಸುತ್ತು ಉಳಿಸು ಎಂದರು, ಇಲ್ಲದಿದ್ದರೆ ಕಳಚಿದ ತಕ್ಷಣ ತೋಳು ಚಿಮ್ಮಿ ಮುಖಕ್ಕೆ ಬರುತ್ತದೆ. ನಂತರ ಸುತ್ತಿಗೆ.

“ಬೋಲ್ಟಿನ ತಲೆಗೆ ಹೊಡೀಬೇಡ. ಅದು ಕೂತಿರೋ ಕಬ್ಬಿಣದ ಮಗ್ಗುಲಿಗೆ ಹೊಡಿ. ಒಂದೇ ಜಾಗಕ್ಕೆ.”

ಹೊಡೆದೆ. ಏನೂ ಆಗಲಿಲ್ಲ.

“ಕ್ವಾಪ ಐತಲ್ಲ ನನ್ ಮ್ಯಾಲೆ? ಅದುನ್ನ ಹಾಕು.”

ಮತ್ತೆ ಮತ್ತೆ ಹೊಡೆದೆ. ಯಾರ ಮೇಲಿನ ಸಿಟ್ಟೋ ಏನೋ, ಭುಜ ಬಿದ್ದುಹೋಗುವವರೆಗೂ ಹೊಡೆದೆ. ಕೊನೆಗೆ ಕೋವಿ ಹಾರಿಸಿದ ಹಾಗೆ ಢಂ ಎಂದು ಕೀಲು ಬಿಟ್ಟುಕೊಂಡಿತು. ಅವರು ಗಟ್ಟಿಯಾಗಿ ನಕ್ಕರು. ಆ ಕಾಯಿಲೆ ಬಂದ ಮೇಲೆ ಅವರು ನಕ್ಕಿದ್ದನ್ನು ನಾನು ಕಂಡದ್ದು ಬಹಳ ಕಡಿಮೆ.

ಹಳೆಯದನ್ನು ಕೈಗೆ ಕೊಟ್ಟೆ. ತಲೆ ಸಡಿಲವಾಗಿ ಅತ್ತಿತ್ತ ವಾಲಿತು. ರಬ್ಬರು ಹರಿದು ಒಳಗೆ ಗ್ರೀಸಿನ ಬದಲು ತುಕ್ಕಿನ ನೀರಿತ್ತು. ಹೊಸದು ಬಿಗಿಯಾಗಿತ್ತು, ಎರಡೂ ಕೈ ಹಾಕಿ ತಿರುಗಿಸಿದರೂ ನಿಧಾನವಾಗಿ ತಿರುಗುತ್ತಿತ್ತು. ಮೇಲಿನದು ಬೋಲ್ಟಿನಲ್ಲಿ ಸುಲಭವಾಗಿ ಕೂತಿತು. ಕೆಳಗಿನದನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಬೇಕು. ಸ್ವಲ್ಪ ವಾರೆಯಾದರೂ ತೂತು ಕೆಡುತ್ತದೆ. ನಾನು ಒಂದು ಸುತ್ತು ತಿರುಗಿಸುವುದು, ಅವರು ತಲೆ ವಾಲಿಸಿ ನೋಡುವುದು, “ಒಸಿ ಎಡಕ್ಕೆ” ಅನ್ನುವುದು, ಹೀಗೇ ಮಧ್ಯಾಹ್ನವಾಯಿತು. ನಟ್ಟು ಬಿಗಿದ ಮೇಲೆ ಪಿನ್ನಿನ ತೂತು ಸರಿಯಾಗಿ ಸೇರಲಿಲ್ಲ. ಕೂದಲೆಳೆಯಷ್ಟು ಸಡಿಲಿಸಿದರೆ ಸಾಕು ಎಂದು ನಾನು ಸ್ಪ್ಯಾನರನ್ನು ಹಿಂದಕ್ಕೆ ತಿರುಗಿಸಲು ಹೋದೆ.

“ಹಿಂದಕ್ಕೆ ಬಿಡಬೇಡ!” ಕೂಗಿಯೇಬಿಟ್ಟರು. “ತೂತು ಸಿಗ್ದಿದ್ರೆ ಮುಂದಕ್ಕೇ ಬಿಗಿ. ಯಾವತ್ತೂ ಹಿಂದಕ್ಕೆ ಬಿಡಂಗಿಲ್ಲ.”

ಗ್ರೀಸ್ ಹಾಕುವ ಕೆಲಸ ಕಡೆಗೆ ಉಳಿಯಿತು. ಹೊಸ ಜಾಯಿಂಟಿನಲ್ಲಿ ನಾಮಕಾವಸ್ತೆ ಸ್ವಲ್ಪ ಗ್ರೀಸ್ ಇರುತ್ತದೆ, ನಾವು ತುಂಬಬೇಕು. ಮೊದಲು ನಿಪ್ಪಲ್ಲನ್ನು ಬಟ್ಟೆಯಲ್ಲಿ ಒರೆಸಬೇಕು, ಇಲ್ಲದಿದ್ದರೆ ಹೊರಗಿನ ಮರಳನ್ನು ನಾವೇ ಒಳಗೆ ನೂಕಿದ ಹಾಗೆ. ಗ್ರೀಸ್ ಗನ್ನಿನ ಹಿಡಿಕೆಯನ್ನು ಅವರು ಒಮ್ಮೆ ಒತ್ತಲು ನೋಡಿದರು. ಬೆರಳುಗಳು ಅದರ ಮೇಲೆ ಸುಮ್ಮನೆ ಕೂತವು, ಅಷ್ಟೆ. ನನ್ನ ಕೈಗೆ ಕೊಟ್ಟು, ತಮ್ಮ ಬಲಗೈಯನ್ನು ಎತ್ತಿ ಜಾಯಿಂಟಿನ ಹತ್ತಿರ ಇಡಲು ಹೇಳಿದರು. ನಾನು ಇಟ್ಟೆ. ಕೀಲನ್ನು ಮುಚ್ಚಿರುವ ರಬ್ಬರಿನ ಬೂಟಿಗೆ ಅವರ ತೋರುಬೆರಳು ತಾಗಿತು.

“ಈಗ ಒತ್ತು. ಮೆಲ್ಲಗೆ. ಬೂಟು ಉಬ್ಬುತ್ತದೆ, ಹೆಚ್ಚಾದರೆ ಹರಿದುಹೋಯ್ತದೆ. ಕಣ್ಣಿಗೆ ಕಾಣೋ ಹೊತ್ತಿಗೆ ಹೆಚ್ಚಾಗಿರ್ತದೆ. ಬೆರಳಿಗೆ ಮೊದ್ಲು ಗೊತ್ತಾಗ್ತದೆ.”

ನಾನು ಒತ್ತಿದೆ. ಅವರು ಕಣ್ಣು ಮುಚ್ಚಿಕೊಂಡು ಕೂತಿದ್ದರು. ಇನ್ನೊಮ್ಮೆ ಒತ್ತಿದೆ.

“ಇನ್ನೊಂಚೂರು. ಹ್ಞಾಂ. ಸಾಕು.”

ಇಕ್ಕಳ ಹಿಡಿಯಲಾಗದ ಬೆರಳಿಗೆ ಅದು ಹೇಗೆ ಗೊತ್ತಾಯಿತೋ ಎಂದು ಬೆರಗಾಯಿತು. ಡಾಕ್ಟರು ಹೇಳಿದ್ದು ಆಗ ನೆನಪಾಯಿತು. ಬಲಗಡೆಯ ಚಕ್ರವನ್ನೂ ಅದೇ ವಾರದಲ್ಲಿ ಹಾಗೆಯೇ ಮುಗಿಸಿದೆವು.

ಪಿಕ್ಕಿಂಗ್ ಶುರುವಾದಾಗ ನಾನು ಸ್ಟೇರಿಂಗ್ ಹಿಡಿದೆ. ಅವರು ಎಡಗಡೆಯ ಸೀಟಿನಲ್ಲಿ, ಗಾಜು ಇಳಿಸಿಕೊಂಡು, ಚಕ್ರದ ಸದ್ದಿಗೆ ಕಿವಿಕೊಟ್ಟು ಕೂರುತ್ತಿದ್ದರು. ಸುಂಟಿಕೊಪ್ಪ ದಾಟಿ ಚೆಟ್ಟಳ್ಳಿಯ ತಿರುವುಗಳಿಗೆ ಬಂದರೆ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. “ಗೇರಲ್ಲಿ ಇಳಿಸು, ಬ್ರೇಕಲ್ಲಿ ಅಲ್ಲ,” ಎನ್ನುತ್ತಿದ್ದರು. ಆ ಹೊತ್ತಿಗೆ ಅವರ ಮಾತು ಎಳೆಯಲು ಶುರುವಾಗಿತ್ತು. ನನಗೆ ಅರ್ಥವಾಗುತ್ತಿತ್ತು, ಬೇರೆಯವರಿಗೆ ಕಷ್ಟ.

ಒಂದು ಬೆಳಿಗ್ಗೆ ತೋಟದ ಕಣದಲ್ಲಿ ಲೋಡು ತುಂಬುತ್ತಿದ್ದರು. ಅಲ್ಲಿ ಲೆಕ್ಕ ಬರೆಯುವ ರೈಟರು, ಯಜಮಾನರನ್ನು ವರ್ಷಗಳಿಂದ ಬಲ್ಲವರು, ಕಿಟಕಿಯ ಹತ್ತಿರ ಬಂದು ಮಾತಾಡಿಸಿದರು. ಇವರು ಏನೋ ಹೇಳಿದರು. ರೈಟರಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿದರು. ರೈಟರು ಒಂದು ಹೆಜ್ಜೆ ಹಿಂದೆ ಸರಿದು, ಮೂಟೆ ಎಣಿಸುತ್ತಿದ್ದ ನನ್ನ ಬಳಿ ಬಂದು ದನಿ ತಗ್ಗಿಸಿದರು.

“ಎಂತ ಅಕ್ಕಾ ಇದು? ಬೆಳಗ್ಗೆನೇ ಹಾಕ್ಕೊಂಡು ಬಂದಿದ್ದಾರಾ? ಇಷ್ಟು ವರ್ಷದಲ್ಲಿ ಕುಡಿದದ್ದು ನೋಡಿರ್ಲಿಲ್ಲ ನಾನು. ಅದಕ್ಕೆ ನೀವು ಓಡಿಸುದಾ?”

ಗುಟ್ಟಾಗಿ ಹೇಳಿದರೂ ಅದು ಕಿಟಕಿಗೆ ಕೇಳಿಸಿತು. ಜನ್ಮದಲ್ಲಿ ಒಂದು ತೊಟ್ಟು ಮುಟ್ಟದ ಮನುಷ್ಯ. ನಾನು ತಿರುಗಿ ನೋಡಿದೆ. ಅವರು ಸುಮ್ಮನಿರು ಎನ್ನುವಂತೆ ತಲೆಯಾಡಿಸಿದರು. ಕುಡುಕ ಅಂದುಕೊಂಡರೂ ಪರವಾಗಿಲ್ಲ, ಕಾಯಿಲೆ ಅಂತ ಗೊತ್ತಾಗುವುದು ಬೇಡ ಎಂದಿತ್ತು ಆ ಮುಖ. ನಾನು ಸುಮ್ಮನಿರಲಿಲ್ಲ. ಮೂಟೆಗಳ ಪಕ್ಕದಲ್ಲಿ ನಿಂತು ರೈಟರಿಗೆ ಎಲ್ಲ ಹೇಳಿದೆ, ಕೈ, ಕಾಲು, ನಾಲಿಗೆ, ಉಸಿರು ಎಂದು ಡಾಕ್ಟರು ಹೇಳಿದ ಅದೇ ಕ್ರಮದಲ್ಲಿ. ಬಾಯಿಬಿಟ್ಟು ಅದನ್ನು ಹೊರಗಿನವರಿಗೆ ಹೇಳಿದ್ದು ಅದೇ ಮೊದಲು. ಮೂಟೆ ಹೊರುತ್ತಿದ್ದ ಕೂಲಿ ಲೈನಿನ ಹೆಂಗಸರೂ ನಿಂತುಬಿಟ್ಟರು. ರೈಟರು ಟೋಪಿ ತೆಗೆದು ಕೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ಹೋದರು. ಏನು ಹೇಳಿದರೋ ಕೇಳಿಸಲಿಲ್ಲ. ಬಾಗಿಲ ಮೇಲಿದ್ದ ಯಜಮಾನರ ಕೈಯನ್ನು ಹಿಡಿದುಕೊಂಡು ಲೋಡು ಮುಗಿಯುವವರೆಗೂ ನಿಂತೇ ಇದ್ದರು.

ವಾಪಸು ಬರುವಾಗ ಇವರು ಅಳುತ್ತಿದ್ದರು. ಕಣ್ಣೊರೆಸಿಕೊಳ್ಳಲು ಕೈ ಎತ್ತಲಾಗುತ್ತಿರಲಿಲ್ಲ. ಒಂದು ಬಿದಿರುಮೆಳೆಯ ಪಕ್ಕ ಗಾಡಿ ನಿಲ್ಲಿಸಿ ಸೆರಗಿನಿಂದ ಒರೆಸಿದೆ. “ಬಿಡು, ಗೊತ್ತಾಗಿದ್ದೇ ಒಳ್ಳೇದಾಯ್ತು,” ಅಂದರು. ಹಾಗೆಂದೇ ನನಗೆ ಕೇಳಿಸಿತು.

ಅದೇ ಅವರು ಗಾಡಿ ಹತ್ತಿದ ಕೊನೆಯ ಪಿಕ್ಕಿಂಗ್. ಬೇಸಿಗೆಗೆ ಕಾಲು ನಿಂತುಹೋದವು. ಮಳೆ ಹಿಡಿಯುವ ಹೊತ್ತಿಗೆ ಮಾತು ಪೂರ್ತಿ ಹೋಯಿತು. ಮಗಳು ಕಾಲೇಜಿಗೆ ರಜೆ ಹಾಕಿ ಬಂದು ಕೂತಳು. ಅಪ್ಪನ ಕಣ್ಣಿನ ರೆಪ್ಪೆಯಿಂದ ಹೌದು, ಅಲ್ಲ ಎನ್ನುವುದನ್ನು ಓದುವುದು ಅವಳು ನನಗಿಂತ ಬೇಗ ಕಲಿತಳು. ನಾನು ದಿನಾ ಬೆಳಿಗ್ಗೆ ಅವರ ಅಂಗೈಗೆ ಎಣ್ಣೆ ತಿಕ್ಕುತ್ತಿದ್ದೆ. ಬೆರಳ ಸಂದಿನಲ್ಲಿ ಎಂದೋ ಸೇರಿದ್ದ ಗ್ರೀಸಿನ ಕಪ್ಪು ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಆಮೇಲೆ ಆಮೇಲೆ ಹೋಯಿತು. ಕೆಲಸವಿಲ್ಲದ ಕೈ ಬೆಳ್ಳಗಾಗುತ್ತ ಬಂತು. ನನಗೆ ಆ ಬೆಳ್ಳನೆಯ ಕೈ ನೋಡಿದರೆ ಹೆದರಿಕೆಯಾಗುತ್ತಿತ್ತು.

ಗೌರಿ ಹಬ್ಬದ ಹಿಂದಿನ ವಾರ, ಮಳೆ ಬಿಟ್ಟು ಬಿಸಿಲು ಬಂದ ಒಂದು ಬೆಳಿಗ್ಗೆ, ಮಗಳು ಗಂಜಿ ಕುಡಿಸಲು ಹೋದವಳು ನನ್ನನ್ನು ಕರೆದಳು. ಉಸಿರು ನಿಂತಿತ್ತು. ಮುಖದಲ್ಲಿ ನೋವಿನ ಗುರುತೇನೂ ಇರಲಿಲ್ಲ. ಎಲ್ಲರೂ ಅದನ್ನೇ ಹೇಳಿ ನನ್ನನ್ನು ಸಮಾಧಾನಪಡಿಸಿದರು.

ಹನ್ನೊಂದರ ಕಾರ್ಯ ಮುಗಿದ ಮೇಲೆ ಭಾವಂದಿರು ಕೂತು ಮಾತಾಡಿದರು. ಹೆಂಗಸಿಗೆ ಆ ಗಾಡಿ ಯಾಕೆ, ಮಾರುವುದೇ ವಾಸಿ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾನು ಇಲ್ಲ ಎಂದೆ. ಹೆಚ್ಚು ವಾದಿಸಲಿಲ್ಲ, ಇಲ್ಲ ಎಂದಷ್ಟೇ ಅಂದೆ. ಅಷ್ಟೂ ದಿನ ನಾನು ಅತ್ತಿರಲಿಲ್ಲ. ಬಂದವರಿಗೆ ಊಟ, ಹೋಗುವವರಿಗೆ ಎಲೆ ಅಡಿಕೆ, ಹೀಗೇ ನಡೆದುಹೋಗಿತ್ತು.

ಪಿಕ್ಕಿಂಗ್ ಹತ್ತಿರ ಬಂದಾಗ ಗಾಡಿಗೆ ಗ್ರೀಸ್ ಹಾಕಲು ಹೊರಟೆ. ಗೋಣಿಚೀಲ ಹಾಸಿದೆ, ನಿಪ್ಪಲ್ಲನ್ನು ಒರೆಸಿದೆ, ಗನ್ನು ಹಚ್ಚಿದೆ. ಹಿಡಿಕೆ ಒತ್ತಲು ಎರಡು ಕೈ ಬೇಕು. ಬೂಟಿನ ಮೇಲೆ ಬೆರಳಿಡಲು ಇನ್ನೊಂದು ಕೈ ಎಲ್ಲಿಂದ ತರಲಿ? ನೋಡಿಕೊಂಡು ಒತ್ತಿದೆ. ಇನ್ನೂ ಹಿಡಿಯುತ್ತದೆ ಎನಿಸಿತು, ಮತ್ತೆ ಒತ್ತಿದೆ. ಸಾಕು ಎನ್ನುವ ದನಿಗೆ ಕಾಯುತ್ತಿದ್ದೆನೇನೋ, ಗೊತ್ತಿಲ್ಲ. ಎಡಗಡೆಯ ಕೆಳಗಿನ ಬೂಟು ಉಬ್ಬಿ, ಅಂಚಿನಲ್ಲಿ ಬಿರಿದು, ಗ್ರೀಸ್ ಹುಳುವಿನ ಹಾಗೆ ಹೊರಬಂದು ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಅಲ್ಲೇ ಗಾಡಿಯ ಕೆಳಗೆ ಮಲಗಿ ಅತ್ತೆ. ಮಗಳು ಕಾಲೇಜಿಗೆ ಮರಳಿದ್ದಳು, ಮನೆಯಲ್ಲಿ ಯಾರೂ ಇರಲಿಲ್ಲ, ಹಂಡೆಗೆ ನೀರು ಬಿಡುವ ಅಗತ್ಯವೂ ಇರಲಿಲ್ಲ. ಸತ್ತ ದಿನ ಅಳಬೇಕಾದದ್ದನ್ನೆಲ್ಲ ಆವತ್ತು ಅತ್ತೆ.

ಹರಿದ ಬೂಟಿನ ಜಾಯಿಂಟು ಮಳೆನೀರು ಕುಡಿದು ಬೇಗ ಹಾಳಾಗುತ್ತದೆ, ಹೊಸದು ಹಾಕುವುದೇ ಸರಿ ಎಂದರು ಗ್ಯಾರೇಜಿನ ಗೆಳೆಯರು. ಮಂಗಳೂರಿನಿಂದ ತರಿಸಿ, ಪ್ರೆಸ್ಸನ್ನೂ ಹೊತ್ತುಕೊಂಡು ಬಂದರು. ಈ ಸಲ ಅವರು ನಾನು ಮಾಡುತ್ತೇನೆ ಎನ್ನಲಿಲ್ಲ. ಜಗಲಿಯಲ್ಲಿ ಕೂತು ನಾನು ಮಾಡುವುದನ್ನು ನೋಡಿದರು. ಗ್ರೀಸ್ ಹಾಕುವ ಹೊತ್ತಿಗೆ ಮಾತ್ರ ಎದ್ದು ಬಂದು ಗನ್ನನ್ನು ತೆಗೆದುಕೊಂಡರು.

“ನಾನು ಒತ್ತುತ್ತೇನೆ. ಚೇಚಿ ಬೆರಳಿಟ್ಟು ಹೇಳಿ.”

ಬೆರಳಿಟ್ಟೆ. ತಣ್ಣಗಿದ್ದ ರಬ್ಬರು ನಿಧಾನವಾಗಿ ತುಂಬಿಕೊಳ್ಳುವುದು ತಿಳಿಯಿತು. ಸರಿಯಾದ ಹೊತ್ತು ಯಾವುದೆಂದು ಈಗಲೂ ನನಗೆ ಖಚಿತವಿಲ್ಲ. ಹೆದರಿ ಸ್ವಲ್ಪ ಮುಂಚೆಯೇ ಸಾಕು ಎಂದೆ.

ಬಿಚ್ಚಿ ತೆಗೆದ ಜಾಯಿಂಟನ್ನು ಕೈಯಲ್ಲಿ ಹಿಡಿದು ಅವರು ಕೇಳಿದರು, “ಇದನ್ನು ಎಂತ ಮಾಡುದು? ಇಟ್ಟುಕೊಳ್ತೀರಾ?”

ಇಟ್ಟುಕೊಳ್ಳಬೇಕೆನಿಸಿತು. ಆದರೆ ನಮ್ಮ ಮನೆಯಲ್ಲಿ ಹಳೆಯ ಸಾಮಾನನ್ನು ಇಟ್ಟುಕೊಂಡ ರೂಢಿಯೇ ಇಲ್ಲ. ಗುಜರಿಗೆ ಹಾಕಿ ಎಂದೆ.

ಮರುದಿನ ನಾಪೋಕ್ಲಿನಿಂದ ಕೂಡಿಟ್ಟಿದ್ದ ಕಾಳುಮೆಣಸಿನ ಲೋಡು ತರುವುದಿತ್ತು. ರಜೆಗೆ ಮನೆಗೆ ಬಂದಿದ್ದ ಮಗಳನ್ನು ಮಡಿಕೇರಿಯ ಹಾಸ್ಟೆಲಿಗೆ ಬಿಟ್ಟು ಒಬ್ಬಳೇ ಇಳಿದೆ. ಗದ್ದೆಗಳಲ್ಲಿ ಕೊಯ್ಲು ನಡೆದಿತ್ತು. ಗಾಡಿ ಎಲ್ಲೂ ಸದ್ದು ಮಾಡಲಿಲ್ಲ. ಎಡಗಡೆಯ ಮೇಲಿನದೂ ಬಲಗಡೆಯ ಎರಡೂ ಇನ್ನೂ ನಾವಿಬ್ಬರೂ ಸೇರಿ ಹಾಕಿದ ಜಾಯಿಂಟುಗಳೇ. ಅವೂ ಸವೆಯುತ್ತವೆ, ಒಂದು ದಿನ ಬಿಚ್ಚಬೇಕಾಗುತ್ತದೆ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಅವಕ್ಕೆ ಗ್ರೀಸ್ ಕೊಡುತ್ತೇನೆ, ಬೇಕಾದ್ದಕ್ಕಿಂತ ಸ್ವಲ್ಪ ಕಡಿಮೆಯೇ.